ಸಮುದ್ರಕುದುರೆ ಬೇಕೆ? ಮೊದಲು ಕಾಗದ, ಆಮೇಲೆ ಮೀನು

ಮೈಸೂರಿನಲ್ಲೋ ಮಂಡ್ಯದಲ್ಲೋ ಬಣ್ಣದ ಮೀನಿನ ಅಂಗಡಿಗೆ ಹೋಗಿ ಸಮುದ್ರಕುದುರೆ ಕೇಳಿದಾಗ ‘ಇಲ್ಲ, ನಾವು ಇಡೋದಿಲ್ಲ’ ಎಂದವರ ಮೇಲೆ ಬೇಸರ ಮಾಡಿಕೊಳ್ಳಬೇಡಿ. ಅವರು ಸರಿಯಾದದ್ದನ್ನೇ ಹೇಳಿದ್ದಾರೆ. ಹುಷಾರಾಗಿರಬೇಕಾದದ್ದು ‘ತರಿಸಿಕೊಡ್ತೀನಿ ಸಾರ್, ಫಾರಂ ಮಾಲು, ಎರಡು ದಿನ ಟೈಮ್ ಕೊಡಿ’ ಎನ್ನುವವರ ಹತ್ತಿರ. ಈ ಮೀನಿನ ಮಟ್ಟಿಗೆ ಕಾನೂನಿನ ಪ್ರಶ್ನೆ ಬೇರೆ, ಆರೋಗ್ಯದ ಪ್ರಶ್ನೆ ಬೇರೆ ಎಂದಿಲ್ಲ. ಅದು ಎಲ್ಲಿ ಹುಟ್ಟಿತು ಎಂಬುದಕ್ಕೆ ಕಾಗದದ ಮೇಲೆ ಉತ್ತರ ಇದ್ದರೆ ಎರಡೂ ಬಗೆಹರಿಯುತ್ತವೆ. ಇಲ್ಲದಿದ್ದರೆ ಕೇಸೂ ನಿಮ್ಮದೇ, ಸತ್ತ ಮೀನೂ ನಿಮ್ಮದೇ.

ಕಾನೂನು ಏನು ಹೇಳುತ್ತದೆ

ಹಿಪೊಕ್ಯಾಂಪಸ್ ಕುಲದ ಈ ಮೀನು ಸಿಂಗ್ನಾಥಿಡೇ ಕುಟುಂಬಕ್ಕೆ ಸೇರಿದ್ದು. 2001ರಲ್ಲಿ ಕೇಂದ್ರ ಸರ್ಕಾರ ಇಡೀ ಕುಟುಂಬವನ್ನೇ, ಅಂದರೆ ಸಮುದ್ರಕುದುರೆಯ ಜೊತೆಗೆ ಅದರ ದಾಯಾದಿಗಳಾದ ಪೈಪ್‌ಫಿಶ್‌ಗಳನ್ನೂ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಗೆ ಸೇರಿಸಿತು. ಅಲ್ಲಿಂದ ಮುಂದೆ ನಮ್ಮ ಕಡಲಿನ ಸಮುದ್ರಕುದುರೆಯನ್ನು ಹಿಡಿಯುವುದು, ಮಾರುವುದು, ಕೊಳ್ಳುವುದು, ಮನೆಯಲ್ಲಿ ಇಟ್ಟುಕೊಳ್ಳುವುದು ಎಲ್ಲವೂ ಜೈಲು ಶಿಕ್ಷೆಯಾಗಬಹುದಾದ ಅಪರಾಧ. ಒಣಗಿಸಿದ ಸಮುದ್ರಕುದುರೆಗೂ ಇದೇ ಕಾನೂನು. 2022ರ ತಿದ್ದುಪಡಿಯಲ್ಲಿ ಅನುಸೂಚಿಗಳ ಜೋಡಣೆ ಬದಲಾಯಿತು, ರಕ್ಷಣೆ ಮಾತ್ರ ಹೋಗಿಲ್ಲ. ‘ಈಗ ರೂಲ್ಸ್ ಚೇಂಜ್ ಆಗಿದೆ’ ಎಂದು ಯಾರಾದರೂ ಹೇಳಿದರೆ ಯಾವ ರೂಲು, ಯಾವ ಕಲಮು ಎಂದು ಕೇಳಿ.

ಹೊರದೇಶದಲ್ಲಿ ಹುಟ್ಟಿದ ಮೀನಿನ ಕಥೆ ಇನ್ನೊಂದು. ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಸಂಬಂಧಿಸಿದ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿ ಹಿಪೊಕ್ಯಾಂಪಸ್ ಕುಲದ ಎಲ್ಲ ಪ್ರಭೇದಗಳೂ ಇವೆ. ಆ ಪಟ್ಟಿ 2004ರ ಮೇ ತಿಂಗಳಲ್ಲಿ ಜಾರಿಗೆ ಬಂತು. ಹಾಗಾಗಿ ಅಮೆರಿಕದಲ್ಲೋ ಶ್ರೀಲಂಕಾದಲ್ಲೋ ತೊಟ್ಟಿಯಲ್ಲಿ ಹುಟ್ಟಿದ ಮೀನೂ ಅನುಮತಿ ಪತ್ರವಿಲ್ಲದೆ ಗಡಿ ದಾಟುವಂತಿಲ್ಲ. ಆ ಪತ್ರದಲ್ಲಿ ಮೂಲವನ್ನು ಸೂಚಿಸುವ ಒಂದು ಅಕ್ಷರ ಇರುತ್ತದೆ. ‘ಡಬ್ಲ್ಯು’ ಎಂದರೆ ಕಡಲಿನಿಂದ ಹಿಡಿದದ್ದು. ‘ಆರ್’ ಎಂದರೆ ಮೊಟ್ಟೆಯನ್ನೋ ಮರಿಯನ್ನೋ ಪ್ರಕೃತಿಯಿಂದ ತಂದು ಬೆಳೆಸಿದ್ದು. ‘ಎಫ್’ ಎಂದರೆ ತೊಟ್ಟಿಯಲ್ಲೇ ಹುಟ್ಟಿದ್ದು ಹೌದು, ಆದರೆ ‘ಸಿ’ ವರ್ಗದ ಪೂರ್ತಿ ಷರತ್ತುಗಳಿಗೆ ಹೊಂದದ್ದು. ಮೊದಲ ತಲೆಮಾರಿನವು ಸಾಮಾನ್ಯವಾಗಿ ಇಲ್ಲಿ ಬರುತ್ತವೆ. ‘ಸಿ’ ಎಂದರೆ ತೊಟ್ಟಿಯಲ್ಲೇ ತಲೆಮಾರುಗಳಿಂದ ಹುಟ್ಟಿಸುತ್ತಿರುವ ಸಂತತಿ. ನಿಮಗೆ ಬೇಕಾದದ್ದು ಈ ಕೊನೆಯದು. ಒಂದು ಅಕ್ಷರದಲ್ಲಿ ಇಷ್ಟು ಸುದ್ದಿ ಅಡಗಿರುವಾಗ ಅಂಗಡಿಯವರ ಬಾಯಿಮಾತು ಯಾಕೆ ಬೇಕು?

ಕಾಗದ ಅಲ್ಲಿಗೇ ಮುಗಿಯುವುದಿಲ್ಲ. ಸೈಟಿಸ್ ಪಟ್ಟಿಯ ಜೀವಿಗಳಿಗಾಗಿ ತಿದ್ದುಪಡಿಯಾದ ಕಾಯ್ದೆಯಲ್ಲಿ ಈಗ ನಾಲ್ಕನೇ ಅನುಸೂಚಿ ಇದೆ. ಅಂಥ ಜೀವಿ ಮನೆಯಲ್ಲಿದ್ದರೆ 49ಎಂ ಕಲಮು ಮತ್ತು 2024ರ ನಿಯಮಗಳ ಪ್ರಕಾರ ಕೇಂದ್ರದ ಪರಿವೇಶ್ 2.0 ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಬೇರೆಯವರಿಗೆ ಕೊಟ್ಟರೂ, ಮರಿ ಹಾಕಿದರೂ, ಸತ್ತರೂ ವರದಿ ಮಾಡಬೇಕು. ಸಮುದ್ರಕುದುರೆ ಒಂದೇ ಹೆರಿಗೆಯಲ್ಲಿ ನೂರಾರು ಮರಿ ಹಾಕುವ ಮೀನು. ಜೋಡಿ ತರುವವರು ಇದನ್ನು ಮೊದಲೇ ತಲೆಯಲ್ಲಿಟ್ಟುಕೊಳ್ಳಬೇಕು.

ಹಣ ಕೊಡುವ ಮೊದಲು ಮಾಡಬೇಕಾದ ಕೆಲಸ ಒಂದು. ಮೀನಿನ ವೈಜ್ಞಾನಿಕ ಹೆಸರು, ಅದು ಬರುವ ದೇಶ, ಮಾರುವವರ ಆಮದು ಪತ್ರಗಳ ನಕಲು ಇಷ್ಟನ್ನೂ ಜೋಡಿಸಿ ಮೈಸೂರಿನ ಅಶೋಕಪುರಂನ ಅರಣ್ಯ ಭವನದಲ್ಲಿ ಅರ್ಜಿ ಕೊಟ್ಟು, ಇದನ್ನು ಇಟ್ಟುಕೊಳ್ಳಬಹುದೇ ಎಂದು ಲಿಖಿತ ಉತ್ತರ ಕೇಳಿ. ಮಂಡ್ಯದವರು ತಮ್ಮ ಜಿಲ್ಲೆಯ ಅರಣ್ಯ ಇಲಾಖೆ ಕಚೇರಿಯಲ್ಲಿ ಕೇಳಬಹುದು. ಪತ್ರಗಳ ನಕಲು ಕೊಡಲು ಮಾರುವವರು ಹಿಂದೆ ಮುಂದೆ ನೋಡಿದರೆ ಉತ್ತರ ಅಲ್ಲೇ ಸಿಕ್ಕಿದಂತೆ. ಇಲಾಖೆ ಬೇಡ ಎಂದರೆ ಮಾತು ಮುಗಿಯಿತು. ಆಗ ಏನು ಸಾಕಬಹುದು ಎಂಬುದು ಈ ಲೇಖನದ ಕೊನೆಯ ಭಾಗದಲ್ಲಿದೆ.

ಕಾಗದವಿಲ್ಲದ ಮೀನು ಅಂಗಡಿಯ ತೊಟ್ಟಿಯಲ್ಲಿ ಕಂಡರೆ ‘ಪಾಪ, ಇಲ್ಲಿ ಸಾಯೋದಕ್ಕಿಂತ ನಮ್ಮ ಮನೇಲಿ ಬದುಕಲಿ’ ಎಂದು ಕೊಳ್ಳುವವರಿದ್ದಾರೆ. ಆ ದುಡ್ಡಿನಲ್ಲಿ ಮಾರನೇ ವಾರ ಇನ್ನೆರಡು ಬರುತ್ತವೆ, ಅಷ್ಟೆ. ಅರಣ್ಯ ಇಲಾಖೆಗೆ ತಿಳಿಸಿ ಸುಮ್ಮನಾಗುವುದೇ ಸರಿ.

ಕಡಲಿನಿಂದ ಹಿಡಿದದ್ದು ಯಾಕೆ ಬದುಕುವುದಿಲ್ಲ

ಪಾಕ್ ಕೊಲ್ಲಿ, ಮನ್ನಾರ್ ಖಾರಿಯ ಕಡೆ ಸಮುದ್ರಕುದುರೆ ಹೆಚ್ಚಾಗಿ ಟ್ರಾಲರ್ ಬಲೆಗಳಲ್ಲಿ ಸೀಗಡಿ, ಮೀನಿನ ಜೊತೆ ಸಿಕ್ಕಿಬೀಳುತ್ತದೆ. ಬಲೆಯ ಅಡಿಯಲ್ಲಿ ಉಜ್ಜಿಸಿಕೊಂಡು, ಡೆಕ್ಕಿನ ಮೇಲೆ ಗಾಳಿಯಲ್ಲಿ ಬಿದ್ದಿದ್ದು ಉಳಿದ ಮೀನು ಯಾವ ಸ್ಥಿತಿಯಲ್ಲಿ ಊರು ಸೇರುತ್ತದೆ ಎಂಬುದನ್ನು ಊಹಿಸಬಹುದು. ಆದರೆ ಗಾಯಕ್ಕಿಂತ ದೊಡ್ಡ ತೊಂದರೆ ಅದರ ಶರೀರದ ರಚನೆಯಲ್ಲೇ ಇದೆ.

ಸಮುದ್ರಕುದುರೆಗೆ ಹಲ್ಲಿಲ್ಲ, ಜಠರವೂ ಇಲ್ಲ. ಕೊಳವೆಯಂಥ ಮೂತಿಯಿಂದ ಆಹಾರವನ್ನು ಸರಕ್ಕನೆ ಒಳಗೆಳೆದುಕೊಳ್ಳುತ್ತದೆ. ನುಂಗಿದ್ದು ನೇರ ಕರುಳಿಗೆ ಹೋಗಿ, ಅರ್ಧಂಬರ್ಧ ಜೀರ್ಣವಾಗಿ, ಬೇಗ ಹೊರಗೆ ಬೀಳುತ್ತದೆ. ಕೂಡಿಟ್ಟುಕೊಳ್ಳಲು ಒಳಗೆ ಜಾಗವೇ ಇಲ್ಲದ್ದರಿಂದ ದಿನವಿಡೀ ಸ್ವಲ್ಪ ಸ್ವಲ್ಪ ತಿನ್ನುತ್ತಲೇ ಇರಬೇಕು. ಗೋಲ್ಡ್‌ಫಿಶ್ಶಿನಂತೆ ವಾರ ಉಪವಾಸ ಕೆಡವಿದರೆ ತಡೆಯುವ ಜೀವ ಇದಲ್ಲ.

ಕಡಲಿನಲ್ಲಿ ಬೆಳೆದ ಮೀನಿಗೆ ಅಲ್ಲಾಡುವುದಷ್ಟೇ ಆಹಾರ. ಹೆಪ್ಪುಗಟ್ಟಿಸಿದ ಮೈಸಿಸ್ ಎಂಬ ಪುಟ್ಟ ಸೀಗಡಿಯನ್ನು ಎದುರಿಗೆ ಹಾಕಿದರೂ ಅದು ಕಸ ಕಂಡಂತೆ ನೋಡುತ್ತದೆ. ಮಂಗಳೂರೋ ಕಾರವಾರವೋ ಆದರೆ ಜೀವಂತ ಸೀಗಡಿ ಮರಿ ಒದಗಿಸುವ ಮಾತಾದರೂ ಆಡಬಹುದು. ಮೈಸೂರಿನಲ್ಲಿ ದಿನಕ್ಕೆ ಮೂರು ಹೊತ್ತು, ವರ್ಷವಿಡೀ ಎಲ್ಲಿಂದ ತರುತ್ತೀರಿ? ಮೊಟ್ಟೆಯೊಡೆಸಿದ ಆರ್ಟೀಮಿಯಾ ಎಂಬ ಉಪ್ಪುನೀರಿನ ಪುಟ್ಟ ಸೀಗಡಿಯ ಮರಿಗಳು ದೊಡ್ಡ ಸಮುದ್ರಕುದುರೆಗೆ ಏನೂ ಸಾಲವು. ಬೆಳೆದ ಆರ್ಟೀಮಿಯಾದಲ್ಲಿ ನೀರೇ ಹೆಚ್ಚು, ಬೇಕಾದ ಕೊಬ್ಬಿನಾಮ್ಲಗಳು ಕಡಿಮೆ. ಹೊಟ್ಟೆ ತುಂಬಿದಂತೆ ಕಾಣುತ್ತಲೇ ಮೀನು ಸೊರಗಿ ಹೋಗುವುದು ಹೀಗೆ.

ತೊಟ್ಟಿಯಲ್ಲಿ ಹುಟ್ಟಿದ ಮೀನು ಮರಿಯಾಗಿದ್ದಾಗಲೇ ಹೆಪ್ಪುಗಟ್ಟಿಸಿದ ಆಹಾರ ತಿನ್ನಲು ಕಲಿತಿರುತ್ತದೆ. ಕಡಲಿನ ಪರೋಪಜೀವಿಗಳ ಹೊರೆಯೂ ಅದರ ಮೈಮೇಲೆ ಕಡಿಮೆ. ಇಲ್ಲಿ ಒಂದು ಮೋಸಕ್ಕೆ ಎಡೆಯಿದೆ. ಕಡಲಿನಲ್ಲೇ ಬಲೆಪಂಜರ ಕಟ್ಟಿಯೋ, ಕಡಲ ನೀರನ್ನು ಹಾಗೇ ಹರಿಸಿಯೋ ಬೆಳೆಸಿದ ಮೀನನ್ನೂ ‘ಸಾಕಿದ್ದು’ ಎಂದೇ ಮಾರುತ್ತಾರೆ. ಸಾಕಿದ್ದು ಸುಳ್ಳಲ್ಲ, ಆದರೆ ಕಡಲಿನ ರೋಗಾಣುವೂ ಹುಳುವೂ ಜೊತೆಗೇ ಬಂದಿರುತ್ತವೆ. ಆದ್ದರಿಂದ ಕೇಳಬೇಕಾದದ್ದು ‘ಯಾರು ಸಾಕಿದ್ದು’ ಎಂದಲ್ಲ. ‘ಎಲ್ಲಿ ಹುಟ್ಟಿದ್ದು, ಯಾವ ನೀರಿನಲ್ಲಿ ಬೆಳೆದದ್ದು, ಈಗ ಏನು ತಿನ್ನುತ್ತದೆ’ ಎಂದು.

ಪ್ರಭೇದದ ಆಯ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳುವಂಥದ್ದಲ್ಲ. ಹಿಪೊಕ್ಯಾಂಪಸ್ ಎರೆಕ್ಟಸ್ ಹೊಸಬರಿಗೆ ಹೆಚ್ಚು ಹೊಂದುತ್ತದೆ. ರೀಡಿ ನೋಡಲು ಚೆಂದ, ಸ್ವಲ್ಪ ನಾಜೂಕು. ಕುಡಾ ನಮ್ಮ ಕಡಲಿನಲ್ಲೂ ಇರುವ ಪ್ರಭೇದ, ಆದ್ದರಿಂದ ಅದರ ಕಾಗದವನ್ನು ಎರಡು ಪಟ್ಟು ಅನುಮಾನದಿಂದ ನೋಡಬೇಕು. ಬೆರಳಿನ ಗೆಣ್ಣಿನಷ್ಟಿರುವ ಝೋಸ್ಟೆರೆಗೆ ದಿನಕ್ಕೆ ಎರಡು ಸಲ ಜೀವಂತ ಆರ್ಟೀಮಿಯಾ ಬೇಕು. ಆಸ್ಟ್ರೇಲಿಯಾದ ದಪ್ಪ ಹೊಟ್ಟೆಯ ಅಬ್ಡೊಮಿನಾಲಿಸ್ ತಣ್ಣೀರಿನ ಮೀನು, ಮೈಸೂರಿನ ಬೇಸಿಗೆಗೆ ಅದನ್ನು ತರುವುದು ಹಿಂಸೆ.

ಅಂಗಡಿಯಲ್ಲಿ ನಿಂತು ನೋಡುವುದು

ಕಾಗದ ಸರಿಯಿದೆ ಎಂದಾದ ಮೇಲೆ ಮೀನಿನ ಸರದಿ. ಮೀನು ಬಂದ ದಿನವೇ ಕೊಳ್ಳಬೇಡಿ. ವಿಮಾನ, ಟೆಂಪೊ, ತೊಟ್ಟಿ ಎಂದು ಮೂರು ನೀರು ಕಂಡ ಮೀನಿನ ನಿಜವಾದ ಸ್ಥಿತಿ ಗೊತ್ತಾಗಲು ಎರಡು ವಾರವಾದರೂ ಬೇಕು. ಮುಂಗಡ ಕೊಟ್ಟು ಅಲ್ಲೇ ಬಿಡಿ. ಬದುಕಿ ತಿನ್ನುತ್ತಿದ್ದರೆ ಬಾಕಿ ಕೊಟ್ಟು ತರುವೆ ಎಂದು ಚೀಟಿಯಲ್ಲಿ ಬರೆಸಿಕೊಳ್ಳಿ.

ಮೊದಲ ಪರೀಕ್ಷೆ ಊಟ. ಅದು ಆಗದೆ ಬೇರೆ ಯಾವುದನ್ನೂ ನೋಡುವ ಅಗತ್ಯವಿಲ್ಲ. ಕರಗಿಸಿದ ಮೈಸಿಸ್ ಅನ್ನು ನಿಮ್ಮ ಎದುರಿಗೇ ಡ್ರಾಪರಿನಲ್ಲಿ ಹಾಕಲು ಹೇಳಿ. ಆರೋಗ್ಯವಾಗಿರುವ ಮೀನಿನ ಕಣ್ಣುಗಳು ಒಂದೊಂದೂ ಬೇರೆ ಬೇರೆ ತಿರುಗಿ ಆಹಾರವನ್ನು ಹುಡುಕುತ್ತವೆ. ಆಮೇಲೆ ತಲೆ ಬಗ್ಗಿಸಿ ಹತ್ತಿರ ಬಂದು ಗುರಿಯಿಡುತ್ತದೆ. ಎಳೆದುಕೊಳ್ಳುವಾಗ ಟಕ್ ಎಂಬ ಸದ್ದು ಗಾಜಿನಾಚೆಗೂ ಕೇಳುವುದುಂಟು. ಹಾಕಿದ ಒಂದೆರಡು ನಿಮಿಷದಲ್ಲಿ ತಿನ್ನಲು ಶುರುಮಾಡಬೇಕು. ಮೂತಿಯ ಹತ್ತಿರ ಬಂದರೂ ಎಳೆಯಲಾಗದೆ ಮತ್ತೆ ಮತ್ತೆ ಗುರಿ ತಪ್ಪುತ್ತಿದ್ದರೆ ಬಾಯಿಯಲ್ಲೋ ಮೂತಿಯಲ್ಲೋ ಸೋಂಕಿದೆ ಎಂದು ಅನುಮಾನಿಸಬೇಕು. ‘ಈಗ ತಾನೇ ತಿಂದಿದೆ ಸಾರ್’ ಎಂದರೆ ‘ಸರಿ, ಸಂಜೆ ಬರ್ತೀನಿ’ ಎನ್ನಿ. ಬೇರೆ ಬೇರೆ ದಿನ ಎರಡು ಊಟವನ್ನಾದರೂ ಕಣ್ಣಾರೆ ನೋಡಬೇಕು. ಜೀವಂತ ಆಹಾರವನ್ನು ಮಾತ್ರ ತಿಂದು ತೋರಿಸಿದ ಮೀನನ್ನು ಬಿಟ್ಟುಬಿಡಿ, ಕಾಗದದ ಮೇಲೆ ‘ಸಿ’ ಇದ್ದರೂ ಸರಿ.

ಎರಡನೆಯದು ಹೊಟ್ಟೆಯ ಭಾಗ. ಇದರ ಮೈಮೇಲೆ ಬೇರೆ ಮೀನುಗಳಂತೆ ಹುರುಪೆ ಇಲ್ಲ, ಚರ್ಮದಡಿ ಮೂಳೆಯ ಉಂಗುರಗಳಿವೆ. ಪಕ್ಕದಿಂದಲೂ ಮುಂದಿನಿಂದಲೂ ನೋಡಿ. ಉಂಗುರಗಳ ನಡುವಿನ ಚರ್ಮ ಸಮನಾಗಿರಬೇಕು ಅಥವಾ ತುಸು ಉಬ್ಬಿರಬೇಕು. ಒಳಗೆ ಕುಸಿದು ಹಳ್ಳ ಬಿದ್ದಿದ್ದರೆ ಅದು ವಾರಗಳ ಹಸಿವು, ಮನೆಗೆ ತಂದು ಉಣ್ಣಿಸಿ ಸರಿಮಾಡುತ್ತೇನೆ ಎಂಬ ಲೆಕ್ಕ ಸಾಮಾನ್ಯವಾಗಿ ಕೈಕೊಡುತ್ತದೆ. ಗಂಡಿನ ಬಾಲದ ಮೇಲ್ಭಾಗದಲ್ಲಿ ಮರಿಚೀಲ ಇರುತ್ತದೆ, ಹೆಣ್ಣಿಗೆ ಅಲ್ಲಿ ಮುಂಡ ಮುಗಿದು ಬಾಲ ಶುರುವಾಗುವ ಕಡೆ ಮೂಲೆಯಂತೆ ಎದ್ದುಕಾಣುತ್ತದೆ. ಚೀಲ ಉಬ್ಬಿದ್ದನ್ನು ನೋಡಿ ಮೀನು ಪುಷ್ಟಿಯಾಗಿದೆ ಎಂದುಕೊಳ್ಳಬೇಡಿ, ಅಳೆಯಬೇಕಾದದ್ದು ಅದರ ಮೇಲಿನ ಮುಂಡವನ್ನು. ಚೀಲ ಉಬ್ಬಿ, ಬಾಲ ಮೇಲಾಗಿ, ಮೀನು ನೀರಿನ ಮೇಲ್ಮೈಗೆ ತೇಲಿ ಕೆಳಗಿಳಿಯಲು ಒದ್ದಾಡುತ್ತಿದ್ದರೆ ಒಳಗಿರುವುದು ಮರಿಯಲ್ಲ, ಗಾಳಿ. ಚರ್ಮದ ಕೆಳಗೆ ಮುತ್ತಿನಂಥ ಗುಳ್ಳೆಗಳು ಕಂಡರೂ ಅದೇ ಜಾತಿಯ ರೋಗ.

ಆಮೇಲೆ ಬಾಲದ ತುದಿ. ಏನನ್ನಾದರೂ ಸುತ್ತಿ ಹಿಡಿದು ನಿಲ್ಲುವುದು ಸಮುದ್ರಕುದುರೆಯ ಸ್ವಭಾವ. ತುದಿ ಬೆಳ್ಳಗಾಗಿ ಚರ್ಮ ಸುಲಿದು ಮೂಳೆ ಕಾಣುತ್ತಿದ್ದರೆ ಅದು ಕೊಳೆಯುತ್ತಿದೆ. ಮೂತಿಯ ತುದಿ ಕೆಂಪಾಗಿಯೋ ಊದಿಯೋ ಇದ್ದರೂ ಹಾಗೆಯೇ. ಹಿಡಿದುಕೊಳ್ಳಲು ಕಂಬವಿದ್ದೂ ತಳದಲ್ಲಿ ಮಲಗಿರುವುದು, ಕಿವಿರು ಪಟಪಟನೆ ಬಡಿಯುವುದು, ಒಂದೇ ಕಡೆಯ ಕಿವಿರಿನಲ್ಲಿ ಉಸಿರಾಡುವುದು, ಕಣ್ಣು ಮಬ್ಬಾಗಿರುವುದು, ಬಿಳಿ ದಾರದಂಥ ಮಲ ಜೋತಾಡುವುದು ಇವುಗಳಲ್ಲಿ ಒಂದು ಕಂಡರೂ ಆ ಮೀನು ಮಾತ್ರವಲ್ಲ, ಅದೇ ನೀರಿನಲ್ಲಿರುವ ಉಳಿದವೂ ಬೇಡ. ಬೆನ್ನಿನ ಮೇಲೆ ಪಾಚಿ ಹಿಡಿದಿದ್ದರೆ ಅಥವಾ ತಲೆಯ ಮೇಲೆ ನೂಲಿನಂಥ ಎಳೆಗಳಿದ್ದರೆ ಗಾಬರಿ ಬೇಡ, ಅದು ವೇಷ.

ಬಣ್ಣಕ್ಕೆ ಹೆಚ್ಚು ದುಡ್ಡು ಕೊಡುವುದು ಮಾತ್ರ ಶುದ್ಧ ದಂಡ. ಸುತ್ತಲಿನದಕ್ಕೆ ಹೊಂದಿ ಬಣ್ಣ ಬದಲಿಸುವ ಮೀನಿದು. ಅಂಗಡಿಯಲ್ಲಿ ಅರಿಶಿನ ಬಣ್ಣಕ್ಕಿದ್ದದ್ದು ನಿಮ್ಮ ಮನೆಯ ಕಪ್ಪು ಕಲ್ಲಿನ ಪಕ್ಕ ತಿಂಗಳಲ್ಲಿ ಕಂದುಬಣ್ಣಕ್ಕೆ ತಿರುಗಬಹುದು.

ಅಳತೆಯಲ್ಲಿ 8 ಸೆಂ.ಮೀ.ಗಿಂತ ಚಿಕ್ಕದನ್ನು ತರಬೇಡಿ. ಎಳೆಯ ಮೀನಿಗೆ ಊಟದ ಹೊತ್ತು ಹೆಚ್ಚು, ತಪ್ಪಿದರೆ ಚೇತರಿಸಿಕೊಳ್ಳುವ ಶಕ್ತಿ ಕಡಿಮೆ. ಒಂಟಿಯಾಗಿ ಇಡುವ ಮೀನಲ್ಲ, ಎರಡು ಬೇಕು. ಎರಡೂ ಒಂದೇ ಕಡೆ, ಒಂದೇ ತಂಡದಲ್ಲಿ ಹುಟ್ಟಿದವಾಗಿರಲಿ. ಒಂದು ಮೂಲದ ಮೀನಿಗೆ ಒಗ್ಗಿಹೋದ ರೋಗಾಣು ಇನ್ನೊಂದು ಮೂಲದ್ದನ್ನು ಕೊಲ್ಲಬಲ್ಲದು. ಮರಿಗಳ ಗೋಜು ಬೇಡವೆಂದರೆ ಎರಡೂ ಹೆಣ್ಣು ಅಥವಾ ಎರಡೂ ಗಂಡು ತರಬಹುದು. ಅವಕ್ಕೆ ಅದರಿಂದ ತೊಂದರೆಯಿಲ್ಲ, ನಿಮಗೆ ಮರಿಗಳ ಬಗ್ಗೆ ಪೋರ್ಟಲ್‌ನಲ್ಲಿ ವರದಿ ಮಾಡುವ ಕೆಲಸ ತಪ್ಪುತ್ತದೆ.

ಬಿಸಿಲಿನ ಊರು, ತಣ್ಣನೆಯ ನೀರು

ಉಷ್ಣವಲಯದ ಮೀನಲ್ಲವೇ, ನಮ್ಮ ಬಿಸಿಲು ಏನು ಮಾಡೀತು ಎಂಬುದು ಎಲ್ಲರಿಗೂ ಬರುವ ಯೋಚನೆ. ಕಡಲಿನಲ್ಲಿ 28 ಡಿಗ್ರಿಯಲ್ಲಿ ಬದುಕುವ ಪ್ರಭೇದಗಳೂ ತೊಟ್ಟಿಯಲ್ಲಿ ಆ ಬಿಸಿಗೆ ಸಾಯುತ್ತವೆ. ಕಾರಣ ಬಿಸಿಯೇ ಅಲ್ಲ, ವಿಬ್ರಿಯೊ ಮುಂತಾದ ಬ್ಯಾಕ್ಟೀರಿಯಾಗಳು. ಅಪಾರ ಕಡಲಿನಲ್ಲಿ ಚೆದುರಿ ಹೋಗುವ ಇವು 150 ಲೀಟರ್ ನೀರಿನಲ್ಲಿ, ಉಳಿದ ಆಹಾರದ ಮೇಲೆ, ಬಿಸಿ ಏರಿದಷ್ಟೂ ಬೇಗ ಬೇಗ ಹೆಚ್ಚುತ್ತವೆ. ಬಾಲ ಕೊಳೆಯುವುದು, ಮೂತಿ ಕೊಳೆಯುವುದು ಬಹುಪಾಲು ಇವುಗಳ ಕೆಲಸ. ಆದ್ದರಿಂದ ಸಮುದ್ರಕುದುರೆಯ ತೊಟ್ಟಿಯನ್ನು 22ರಿಂದ 24 ಡಿಗ್ರಿಯಲ್ಲಿ ಇಡುತ್ತಾರೆ. 24 ದಾಟಲು ಬಿಡಬಾರದು.

ಏಪ್ರಿಲ್‌ನಲ್ಲಿ ಮೈಸೂರಿನ ಹಗಲಿನ ಬಿಸಿ 35ರ ಆಸುಪಾಸಿಗೆ ಹೋಗುತ್ತದೆ, ಮಂಡ್ಯದ ಸೆಕೆ ಅದಕ್ಕಿಂತ ಹೆಚ್ಚೇ. ಆರ್‌ಸಿಸಿ ಮನೆಯ ಮೇಲಿನ ಮಹಡಿಯಲ್ಲಿ ರಾತ್ರಿಯೂ ಕೋಣೆ ತಣಿಯುವುದಿಲ್ಲ. ನೀರಿನ ಮೇಲೆ ಫ್ಯಾನು ಹಾಯಿಸಿದರೆ ಆವಿಯಾಗಿ ಎರಡು ಮೂರು ಡಿಗ್ರಿ ಇಳಿಯಬಹುದು, ಅದು ಸಾಲದು. ನೀರನ್ನು ತಣಿಸುವ ಚಿಲ್ಲರ್ ಯಂತ್ರ ಬೇಕೇ ಬೇಕು. ಬೆಲೆಯಲ್ಲಿ ತೊಟ್ಟಿ, ಸ್ಟ್ಯಾಂಡು, ಫಿಲ್ಟರು ಎಲ್ಲ ಸೇರಿದ್ದನ್ನೂ ಇದೊಂದೇ ಮೀರಿಸಬಹುದು. ಕೊಳ್ಳುವಾಗ ಡಬ್ಬಿಯ ಮೇಲಿನ ಲೀಟರ್ ಲೆಕ್ಕಕ್ಕೆ ಮರುಳಾಗಬೇಡಿ. ಅಷ್ಟು ಲೀಟರನ್ನು ಎಷ್ಟು ಡಿಗ್ರಿ ಇಳಿಸುತ್ತದೆ ಎಂದು ನೋಡಿ. ಕೋಣೆ 32 ಇದ್ದು ನೀರು 23 ಆಗಬೇಕಾದರೆ ಇಳಿಸಬೇಕಾದದ್ದು 9 ಡಿಗ್ರಿ, ಪಂಪು ದೀಪಗಳ ಕಾವು ಬೇರೆ. ಲೆಕ್ಕಕ್ಕೆ ಬರುವ ಅಳತೆಗಿಂತ ಒಂದು ಮೆಟ್ಟಿಲು ದೊಡ್ಡದನ್ನೇ ತನ್ನಿ. ನೀರಿನಿಂದ ತೆಗೆದ ಕಾವನ್ನು ಚಿಲ್ಲರ್ ಕೋಣೆಗೆ ಉಗುಳುತ್ತದೆ. ಅಂದಕ್ಕೆಂದು ಅದನ್ನು ಸ್ಟ್ಯಾಂಡಿನ ಬೀರುವಿನೊಳಗೆ ಮುಚ್ಚಿಟ್ಟರೆ ತನ್ನ ಬಿಸಿಯನ್ನೇ ಉಸಿರಾಡಿ ಕೆಟ್ಟುಹೋಗುತ್ತದೆ. ತೊಟ್ಟಿಗೆ ನೆಲಮಹಡಿಯ ಒಳಕೋಣೆ, ಪಡುವಣ ಬಿಸಿಲು ಕಾಯದ ಗೋಡೆ ಒಳ್ಳೆಯದು.

ಕರೆಂಟು ಹೋದಾಗ ಮೊದಲ ಚಿಂತೆ ಬಿಸಿಯದ್ದಲ್ಲ, ಆಮ್ಲಜನಕದ್ದು. ಅಷ್ಟು ನೀರು ಕಾಯಲು ಗಂಟೆಗಳೇ ಬೇಕು. ನೀರಾಡದಿದ್ದರೆ ಮೀನಿಗೆ ಅದಕ್ಕೂ ಮುಂಚೆಯೇ ಕಷ್ಟ. ಫಿಲ್ಟರ್ ಪಂಪನ್ನು ಯುಪಿಎಸ್‌ಗೆ ಹಾಕಿ, ಚಿಲ್ಲರನ್ನು ನೇರ ಲೈನಿನಲ್ಲೇ ಇಡಿ.

ತೊಟ್ಟಿ ಅಗಲಕ್ಕಿಂತ ಎತ್ತರಕ್ಕೆ ಗಮನ ಕೊಟ್ಟು ಮಾಡಿಸಬೇಕು. ಬಾಲ ಬಿಚ್ಚಿದ ಮೀನಿನ ಉದ್ದದ ಮೂರರಷ್ಟು ನೀರಿನ ಆಳ ಎಂಬುದು ಬಳಕೆಯ ಲೆಕ್ಕ. 15 ಸೆಂ.ಮೀ. ಮೀನಿಗೆ 45 ಸೆಂ.ಮೀ. ಕನಿಷ್ಠ, 60 ಇದ್ದರೆ ಲೇಸು. ಜೋಡಿ ಒಟ್ಟಿಗೆ ಮೇಲೇರುತ್ತಾ ಹೆಣ್ಣು ತನ್ನ ಮೊಟ್ಟೆಯನ್ನು ಗಂಡಿನ ಚೀಲಕ್ಕೆ ದಾಟಿಸುತ್ತದೆ. ಆಳ ಸಾಲದಿದ್ದರೆ ಮೊಟ್ಟೆಗಳು ನೆಲದ ಪಾಲು. ಎರಡು ಮೀನಿಗೆ 120ರಿಂದ 150 ಲೀಟರ್ ನೀರು ಸಾಕು. ನೀರು, ಕಲ್ಲು, ಗಾಜು, ಸ್ಟ್ಯಾಂಡು ಸೇರಿ 200 ಕೆ.ಜಿ. ದಾಟುವುದರಿಂದ ಮರದ ಟೀಪಾಯಿಯ ಮೇಲೆ ಇಡುವ ಮಾತಿಲ್ಲ.

ಸಮುದ್ರಕುದುರೆಗೆ ನಿಂತ ನೀರು ಬೇಕು ಎಂಬ ಹಳೆಯ ನಂಬಿಕೆ ತಪ್ಪು. ನಿಂತ ನೀರಿನಲ್ಲಿ ಕೊಳೆ ಮೂಲೆಗೆ ಸೇರಿ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಗಂಟೆಗೆ ತೊಟ್ಟಿಯ ನೀರಿನ 5ರಿಂದ 10 ಪಟ್ಟು ಹರಿಯಲಿ, ಆದರೆ ಒಂದೇ ಧಾರೆಯಾಗಿ ಬಡಿಯದೆ ಉದ್ದನೆಯ ತೂತುಕೊಳವೆಯಲ್ಲಿ ಹರಡಿ ಬೀಳಲಿ. ಪಂಪಿನ ಬಾಯಿಗೆ ಸ್ಪಂಜು ಕಟ್ಟದಿದ್ದರೆ ಬಾಲ ಸಿಕ್ಕಿಕೊಳ್ಳುತ್ತದೆ. ಹಿಡಿದು ನಿಲ್ಲಲು ಕೃತಕ ಹವಳದ ರೆಂಬೆ, ಪ್ಲಾಸ್ಟಿಕ್ ಗಿಡ, ಕಡಲ ಪಾಚಿ ಯಾವುದಾದರೂ ಆದೀತು. ಚುಚ್ಚುವ ಹವಳ, ಕಡಲ ಹೂವು (ಸೀ ಅನಿಮೋನ್ ಎಂಬ ಪ್ರಾಣಿ), ಏಡಿ ಒಳಗೆ ಬರಕೂಡದು. ವೇಗದ ಮೀನುಗಳೂ ಬೇಡ, ಇದು ಗುರಿಯಿಡುವಷ್ಟರಲ್ಲಿ ಅವು ಊಟ ಮುಗಿಸಿರುತ್ತವೆ.

ಕಾವೇರಿ ನೀರಿನಿಂದ ಕಡಲ ನೀರು

ಮೈಸೂರಿನ ನಲ್ಲಿ ನೀರಿನಲ್ಲಿ ಕ್ಲೋರಿನ್ ಇದೆ, ಮಂಡ್ಯದ ಸುತ್ತಮುತ್ತ ಬೋರ್ ನೀರು ಗಡಸು. ಎರಡಕ್ಕೂ ಆರ್‌ಒ ಬೇಕು. ಅಡುಗೆಮನೆಯ ಆರ್‌ಒ ಯಂತ್ರ ನೇರವಾಗಿ ಸಾಲದು. ಕುಡಿಯಲು ರುಚಿಯಿರಲೆಂದು ಹಲವು ಯಂತ್ರಗಳು ಸೋಸಿದ ನೀರಿಗೆ ಸ್ವಲ್ಪ ಸೋಸದ ನೀರನ್ನೋ ಖನಿಜವನ್ನೋ ಮತ್ತೆ ಬೆರೆಸುತ್ತವೆ. ಯಂತ್ರದೊಳಗಿನ ಸೋಸುವ ಮೆಂಬ್ರೇನಿನಿಂದ ಬರುವ ಪೈಪಿಗೇ ಕವಲು ಹಾಕಿಸಿ, ಅದಕ್ಕೊಂದು ಡಿಐ ರಾಳದ (ಉಳಿದ ಲವಣವನ್ನು ಹೀರುವ) ಕೊಳವೆ ಸೇರಿಸಿದರೆ ಟಿಡಿಎಸ್, ಅಂದರೆ ಕರಗಿದ ಲವಣಗಳ ಪ್ರಮಾಣ, ಸೊನ್ನೆಯ ಹತ್ತಿರ ಬರುತ್ತದೆ.

ಅಕ್ವೇರಿಯಂ ಕಡಲುಪ್ಪನ್ನು ಲೀಟರಿಗೆ ಸುಮಾರು 35ರಿಂದ 38 ಗ್ರಾಂ ಹಾಕಬೇಕು. 20 ಲೀಟರ್ ಬಕೆಟ್ಟಿಗೆ ಮುಕ್ಕಾಲು ಕೆ.ಜಿ.ಯ ಹತ್ತಿರ. ಅಡುಗೆಯ ಕಲ್ಲುಪ್ಪು ಇದಕ್ಕೆ ಆಗುವುದಿಲ್ಲ, ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಮುಂತಾದವು ಬೇಕಾದ ಪ್ರಮಾಣದಲ್ಲಿಲ್ಲ. ನೀರಿಗೆ ಉಪ್ಪು ಹಾಕಬೇಕೇ ಹೊರತು ಉಪ್ಪಿಗೆ ನೀರಲ್ಲ. ಇಲ್ಲದಿದ್ದರೆ ಸುಣ್ಣದಂತೆ ಗಟ್ಟಿಯಾಗಿ ತಳ ಹಿಡಿಯುತ್ತದೆ. ಪಂಪು ಹಾಕಿ ಒಂದು ದಿನ ಕಲಕಲು ಬಿಟ್ಟು ಉಪ್ಪಿನಂಶ ತೋರಿಸುವ ರಿಫ್ರ್ಯಾಕ್ಟೊಮೀಟರಿನಲ್ಲಿ ಅಳೆಯಿರಿ, ಸಾಪೇಕ್ಷ ಸಾಂದ್ರತೆ 1.023ರಿಂದ 1.025 ಬರಬೇಕು. ಪಿಎಚ್ 8.1ರಿಂದ 8.4, ಅಮೋನಿಯಾ ಮತ್ತು ನೈಟ್ರೈಟ್ ಸೊನ್ನೆ, ನೈಟ್ರೇಟ್ 20 ಪಿಪಿಎಂ (ಹತ್ತು ಲಕ್ಷಕ್ಕೆ 20 ಭಾಗ) ಒಳಗೆ. ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಮಟ್ಟ ಇಳಿದಾಗ ಸಿಹಿನೀರನ್ನೇ ತುಂಬಿ. ವಾರಕ್ಕೆ ಶೇ 10ರಿಂದ 15 ನೀರು ಬದಲಿಸುವಾಗ ಮಾತ್ರ ಉಪ್ಪು ನೀರು.

ಇಷ್ಟೆಲ್ಲ ಮಾಡಿದ ಮಾರನೇ ದಿನ ಮೀನು ತರುವಂತಿಲ್ಲ. ಮಲದಿಂದ ಬರುವ ಅಮೋನಿಯಾವನ್ನು ನೈಟ್ರೈಟಾಗಿ, ಅದನ್ನು ನೈಟ್ರೇಟಾಗಿ ಮಾರ್ಪಡಿಸುವ ಬ್ಯಾಕ್ಟೀರಿಯಾ ಬೆಳೆಯಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. 2 ಪಿಪಿಎಂ ಅಮೋನಿಯಾ ಹಾಕಿದರೆ 24 ಗಂಟೆಯೊಳಗೆ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬರುವ ತನಕ ಕಾಯಿರಿ. ಸಮುದ್ರಕುದುರೆಗಾದರೆ ಅದರ ಮೇಲೂ ಒಂದೆರಡು ತಿಂಗಳು ತೊಟ್ಟಿ ಹಣ್ಣಾಗಲಿ. ಅರಣ್ಯ ಇಲಾಖೆಯ ಉತ್ತರಕ್ಕೆ ಕಾಯುವುದೂ ಇದೇ ಹೊತ್ತಿನಲ್ಲಿ ಆಗಬಹುದು.

ತರುವ ದಿನ, ಆಮೇಲಿನ ವಾರಗಳು

ಬೆಂಗಳೂರಿನಿಂದ ಕಾರಿನಲ್ಲಿ ತರುವುದಾದರೆ ಬೆಳಗಿನ ಜಾವ ಹೊರಡಿ. ಆಮ್ಲಜನಕ ತುಂಬಿದ ಕವರಿನೊಳಗೆ ಬಾಲ ಸುತ್ತಿಕೊಳ್ಳಲು ಪ್ಲಾಸ್ಟಿಕ್ ಜಾಲರಿಯ ತುಂಡು ಇರಲಿ. ಕವರನ್ನು ಥರ್ಮೋಕೋಲ್ ಪೆಟ್ಟಿಗೆಯಲ್ಲಿಟ್ಟು, ಐಸ್ ಜೆಲ್ಲನ್ನು ದಪ್ಪ ಕಾಗದದಲ್ಲಿ ಸುತ್ತಿ ಮುಚ್ಚಳದ ಕಡೆ ಇಡಿ, ಕವರಿಗೆ ತಾಗಬಾರದು. ಮದ್ದೂರಿನಲ್ಲಿ ವಡೆ ತಿನ್ನಲು ನಿಲ್ಲಿಸಿದರೆ ಪೆಟ್ಟಿಗೆಯನ್ನು ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಟ್ಟು ಹೋಗಬೇಡಿ.

ಮನೆಗೆ ಬಂದ ಮೇಲೆ ಹನಿ ಹನಿಯಾಗಿ ನೀರು ಬೆರೆಸುತ್ತಾ ಗಂಟೆಗಟ್ಟಲೆ ಒಗ್ಗಿಸುವ ರೂಢಿಯಿದೆ. ಒಂದೆರಡು ಗಂಟೆಯ ಪಯಣಕ್ಕೆ ಅದು ಸರಿ. ಇಡೀ ದಿನ ಕವರಿನಲ್ಲಿದ್ದ ಮೀನಿಗೆ ಅದೇ ವಿಷವಾಗುತ್ತದೆ. ಮುಚ್ಚಿದ ಕವರಿನಲ್ಲಿ ಉಸಿರಿನ ಇಂಗಾಲದ ಡೈಆಕ್ಸೈಡ್ ಕರಗಿ ಪಿಎಚ್ ಇಳಿದಿರುತ್ತದೆ, ಆ ಸ್ಥಿತಿಯಲ್ಲಿ ಅಮೋನಿಯಾ ಹೆಚ್ಚು ಹಾನಿಯಿಲ್ಲದ ಅಮೋನಿಯಂ ರೂಪದಲ್ಲಿರುತ್ತದೆ. ಕವರು ಬಿಚ್ಚಿದ ಕೂಡಲೇ ಅನಿಲ ಹಾರಿಹೋಗಿ ಪಿಎಚ್ ಏರುತ್ತದೆ, ಅಮೋನಿಯಂ ಮತ್ತೆ ಅಮೋನಿಯಾ ಆಗಿ ಕಿವಿರನ್ನು ಸುಡುತ್ತದೆ. ಹೀಗಾಗಿ ಮಾರುವವರ ನೀರಿನ ಉಪ್ಪಿನಂಶವನ್ನು ಮೊದಲೇ ಕೇಳಿ, ನಿಮ್ಮ ತೊಟ್ಟಿಯನ್ನು ಅದಕ್ಕೆ ಹೊಂದಿಸಿಡಿ. ಬಿಚ್ಚದ ಕವರನ್ನು 20-30 ನಿಮಿಷ ತೇಲಿಬಿಟ್ಟು ಬಿಸಿ ಸಮವಾಗಿಸಿ, ಬಿಚ್ಚಿದ ತಕ್ಷಣ ಮೀನನ್ನು ದಾಟಿಸಿ. ಬಲೆ ಬೇಡ, ಬೆರಳಿಗೆ ಬಾಲ ಸುತ್ತಿಕೊಳ್ಳಲು ಬಿಟ್ಟು ಮೆಲ್ಲಗೆ ಎತ್ತಿ. ಕವರಿನ ನೀರು ತೊಟ್ಟಿಗೆ ಹೋಗಬಾರದು.

ಹೊಸ ಮೀನನ್ನು ನಾಲ್ಕರಿಂದ ಆರು ವಾರ ಬೇರೆ ಇಡಬೇಕು ಎಂಬ ನಿಯಮಕ್ಕೆ ಮೈಸೂರಿನಲ್ಲಿ ಒಂದು ತೊಡಕು: ಆ ತೊಟ್ಟಿಗೂ ಇನ್ನೊಂದು ಚಿಲ್ಲರ್ ಬೇಕಾಗುತ್ತದೆ. ಮೊದಲ ಜೋಡಿಗೆ ಸುಲಭ ದಾರಿಯಿದೆ. ದೊಡ್ಡ ತೊಟ್ಟಿಯಲ್ಲಿ ಬೇರೆ ಜೀವಿಯೇ ಇಲ್ಲದಿದ್ದರೆ ಅದೇ ಅವುಗಳ ಕ್ವಾರಂಟೈನ್. ಆ ಅವಧಿ ಮುಗಿಯುವ ತನಕ ಬಸವನಹುಳು, ಸೀಗಡಿ ಏನನ್ನೂ ಸೇರಿಸಬೇಡಿ. ತಾಮ್ರದ ಔಷಧಿಯನ್ನು ಮುಂಜಾಗ್ರತೆಗೆಂದು ಸುರಿಯುವುದು ಬೇಡ, ಸಮುದ್ರಕುದುರೆಗೆ ಅದು ಒಗ್ಗುವುದಿಲ್ಲ.

ದಿನಕ್ಕೆ ಎರಡರಿಂದ ಮೂರು ಸಲ ಕರಗಿಸಿದ ಮೈಸಿಸ್ ಹಾಕಿ. ಆರ್‌ಒ ನೀರಿನಲ್ಲಿ ಜಾಲಿಸಿ, ಒಂದು ಚಿಪ್ಪಿನಲ್ಲೋ ಬಟ್ಟಲಲ್ಲೋ ಹಾಕಿದರೆ ಕೆಲವೇ ದಿನಗಳಲ್ಲಿ ಮೀನು ಆ ಜಾಗಕ್ಕೇ ಬರುತ್ತದೆ. ಅರ್ಧ ಗಂಟೆಯಲ್ಲಿ ಉಳಿದದ್ದನ್ನು ಪೈಪಿನಿಂದ ಹೀರಿ ತೆಗೆಯಬೇಕು. ಸೋಂಕು ಶುರುವಾಗುವುದು ಬಹಳ ಸಲ ಈ ಉಳಿದ ತುತ್ತಿನಿಂದಲೇ. ಹೆಪ್ಪುಗಟ್ಟಿದ ಮೈಸಿಸ್ ಬೆಂಗಳೂರಿನಿಂದ ತರಿಸುವುದಾದರೆ ಕರಗಿ ಮತ್ತೆ ಹೆಪ್ಪುಗಟ್ಟಿದ ಪ್ಯಾಕೆಟ್ಟನ್ನು ವಾಪಸ್ ಮಾಡಿ. ಚೌಕಗಳು ಒಂದಕ್ಕೊಂದು ಅಂಟಿ ಆಕಾರ ಕಳೆದುಕೊಂಡಿದ್ದರೆ ಅದೇ ಗುರುತು. ಮೂರು ದಿನ ಊರಿಗೆ ಹೋಗುವವರು ಉಣ್ಣಿಸಲು ಬರುವ ಒಬ್ಬರನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು, ಈ ಆಹಾರಕ್ಕೆ ಆಟೊಮ್ಯಾಟಿಕ್ ಫೀಡರ್ ಬರುವುದಿಲ್ಲ.

ಅನುಮತಿ ಸಿಗದಿದ್ದರೆ

ಹೆಚ್ಚಿನವರಿಗೆ ಆಗುವುದು ಇದೇ. ಆಗ ‘ಸಿಹಿನೀರಿನ ಪೈಪ್‌ಫಿಶ್’ ಎಂದು ಇನ್ನೊಂದನ್ನು ತೋರಿಸುವವರಿಗೆ ಬೀಳಬೇಡಿ. ಅದೂ ಅದೇ ಕುಟುಂಬ, ಅದೇ ಕಾನೂನು.

ಕಡಲ ತೊಟ್ಟಿಯ ಆಸೆಗೆ ನಮ್ಮ ಸಲಹೆ ಹ್ಯಾಚರಿಯಲ್ಲಿ ಹುಟ್ಟಿದ ಕ್ಲೌನ್‌ಫಿಶ್ ಜೋಡಿ. ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಇವುಗಳನ್ನು ಮರಿ ಮಾಡಿಸುವ ವಿಧಾನವನ್ನು ನಮ್ಮ ದೇಶದಲ್ಲೇ ರೂಪಿಸಿ ರೈತರಿಗೂ ಕಲಿಸಿದೆ, ಆದ್ದರಿಂದ ಇಲ್ಲೇ ಹುಟ್ಟಿದ ಮೀನು ಸಿಗುತ್ತದೆ. 80ರಿಂದ 100 ಲೀಟರ್ ಸಾಕು. 25ರಿಂದ 27 ಡಿಗ್ರಿ ಅದಕ್ಕೆ ಹಿತ, ಬೇಸಿಗೆಯಲ್ಲಿ 28 ಆದರೂ ತಡೆಯುತ್ತದೆ. ಮೈಸೂರಿನ ಬಹುಪಾಲು ತಿಂಗಳು ನೀರಿನ ಮೇಲೆ ಫ್ಯಾನು ಹಾಕಿದರೆ ನಡೆಯುತ್ತದೆ. ಒಣ ಆಹಾರದ ಗುಳಿಗೆಯನ್ನು ಬೆಳಿಗ್ಗೆ ಸಂಜೆ ತಿನ್ನುತ್ತದೆ, ಕಡಲ ಹೂವು ಇಲ್ಲದೆಯೂ ಬದುಕುತ್ತದೆ.

ಆರಿಸುವ ಕ್ರಮ ಮೇಲಿನದ್ದೇ. ಗುಳಿಗೆ ತಿನ್ನುವುದನ್ನು ಎದುರಿಗೆ ನೋಡಿ. ಮೈಮೇಲೆ ಲೋಳೆಯ ಬಿಳಿ ಪದರ, ಬೇಗ ಬೇಗ ಉಸಿರು ಕಂಡರೆ ಬ್ರೂಕ್ಲಿನೆಲ್ಲಾ ಎಂಬ ಪರೋಪಜೀವಿ ಇರಬಹುದು, ಅದು ಕಡಲಿನಿಂದ ಹಿಡಿದ ಕ್ಲೌನ್‌ಫಿಶ್‌ಗಳನ್ನು ಒಂದೆರಡು ದಿನದಲ್ಲೇ ಮುಗಿಸುತ್ತದೆ. ಬಿಳಿ ಪಟ್ಟೆ ಅರ್ಧಕ್ಕೇ ನಿಂತ ಅಥವಾ ಸೊಟ್ಟಗಿರುವ ಮೀನನ್ನು ಅಂಗಡಿಯವರು ಅಗ್ಗಕ್ಕೆ ಕೊಡುತ್ತಾರೆ, ಸಂಕೋಚವಿಲ್ಲದೆ ತನ್ನಿ. ಅರೆಪಟ್ಟೆ ಹ್ಯಾಚರಿಯಲ್ಲಿ ಬೆಳೆದ ಮರಿಗಳಲ್ಲಿ ಸಾಮಾನ್ಯ, ಕಡಲಿನವುಗಳಲ್ಲಿ ಅಪರೂಪ. ಒಂದು ಚಿಕ್ಕದು, ಒಂದು ದೊಡ್ಡದು ತಂದರೆ ಜಗಳ ಕಡಿಮೆ. ಎಲ್ಲ ಕ್ಲೌನ್‌ಫಿಶ್‌ಗಳೂ ಗಂಡಾಗಿಯೇ ಶುರುವಾಗಿ ಜೋಡಿಯಲ್ಲಿ ದೊಡ್ಡದು ಹೆಣ್ಣಾಗುತ್ತದೆ, ಆದ್ದರಿಂದ ಅಂಗಡಿಯಲ್ಲಿ ಗಂಡು ಹೆಣ್ಣು ಹುಡುಕುತ್ತಾ ನಿಲ್ಲುವ ಕೆಲಸವೂ ಇಲ್ಲ.